‘ಸ್ಥಳೀಯ ಹೆಸರು’ ಎಂಬ ಅಂಕಣ: ಸಸ್ಯಶಾಸ್ತ್ರ ಪತ್ರಿಕೆಗಳ ಭಾಷಾನಿಯಮ ಮತ್ತು ಗಡಿಯ ಕನ್ನಡ

1

ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿಗೆ ಸೇರಿದ ಕರಜಗಿ ಕನ್ನಡದ ಊರು. ತಾಲೂಕಿನ ದಕ್ಷಿಣದ ಅಂಚಿನಲ್ಲಿ ಭೀಮಾ ನದಿ ಹರಿಯುತ್ತದೆ. ಹೊಳೆಯಾಚೆಗೆ ಕರ್ನಾಟಕದ ಇಂಡಿ, ಅಫಜಲಪುರ ತಾಲೂಕುಗಳು. ಎರಡೂ ದಂಡೆಗಳ ಕರಿಮಣ್ಣು ಒಂದೇ, ಹಿಂಗಾರಿ ಜೋಳ ಒಂದೇ, ಬದುವಿನ ಮೇಲಿನ ಜಾಲಿ, ಬನ್ನಿ, ತಂಗಡಿಗಳೂ ಅವೇ. ಈ ಊರಿನ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಕೈಗೊಂಡ ಗೆಳತಿಯೊಬ್ಬರು ಕೆಲವು ವರ್ಷಗಳ ಹಿಂದೆ ಸುತ್ತಲಿನ ಹೊಲಬದುಗಳ ಗಿಡಮರಗಳ ಬಳಕೆಯನ್ನು ಕುರಿತು ಪ್ರಬಂಧವೊಂದನ್ನು ಸಿದ್ಧಪಡಿಸಿದರು. ಅದರ ಇಂಗ್ಲಿಷನ್ನು ತಿದ್ದಿಕೊಡುವ ಕೆಲಸ ತೌಲನಿಕ ಸಾಹಿತ್ಯದ ವಿದ್ಯಾರ್ಥಿಯಾದ ನನ್ನ ಪಾಲಿಗೆ ಬಂದಿತು. ಕೋಷ್ಟಕದಲ್ಲಿ ಶಾಸ್ತ್ರೀಯ ಹೆಸರು, ಕುಲ, ಸ್ಥಳೀಯ ಹೆಸರು, ಉಪಯೋಗ ಎಂದು ನಾಲ್ಕು ಅಂಕಣಗಳಿದ್ದವು. ಮೂರನೆಯ ಅಂಕಣವನ್ನು ಅವರು ಊರಿನವರು ಹೇಳಿದ ಕನ್ನಡ ಹೆಸರುಗಳಿಂದ ತುಂಬಿಸಿದ್ದರು.

ಪ್ರಬಂಧ ಪರಿಶೀಲಕರ ಟಿಪ್ಪಣಿಯೊಡನೆ ಹಿಂದಿರುಗಿತು. ಸಂಗ್ರಹದ ಸ್ಥಳ ಮಹಾರಾಷ್ಟ್ರದಲ್ಲಿರುವುದರಿಂದ ಸ್ಥಳೀಯ ಹೆಸರುಗಳು ಮರಾಠಿಯಲ್ಲಿರಬೇಕಲ್ಲವೇ, ಪರಿಶೀಲಿಸಿರಿ ಎಂಬುದು ಅದರಲ್ಲಿನ ಒಂದು ಸೂಚನೆ. ಟಿಪ್ಪಣಿಯಲ್ಲಿ ದುರುದ್ದೇಶವೇನೂ ಕಾಣಲಿಲ್ಲ; ಭೂಪಟ ನೋಡಿದ ಯಾರಿಗಾದರೂ ಹಾಗೆ ತೋರಬಹುದು. ಗೆಳತಿಗೆ ಪ್ರಬಂಧ ಪ್ರಕಟವಾಗುವುದು ಅಗತ್ಯವಾಗಿತ್ತು. ಜಾಲಿ ‘ಬಾಭೂಳ’ವಾಯಿತು, ತಂಗಡಿ ‘ತರವಡ’ವಾಯಿತು, ಉತ್ತರಾಣಿ ‘ಆಘಾಡಾ’ ಆಯಿತು, ಬನ್ನಿ ‘ಶಮಿ’ಯಾಯಿತು. ಲೇಖನ ಅಚ್ಚಾದ ಮೇಲೆ ಊರಿಗೆ ಹೋಗಿ, ಹೆಸರು ಹೇಳಿಕೊಟ್ಟಿದ್ದ ಹಿರಿಯ ಹೆಂಗಸಿಗೆ ಅವರು ಆ ಪುಟವನ್ನು ಓದಿ ಹೇಳಿದರು. ಆಕೆ ಕೇಳಿದ್ದು ಇಷ್ಟೇ: “ನಾ ಹೇಳಿದ್ದು ಬನ್ನಿ ಅಲ್ಲೇನ ಯವ್ವಾ? ಇದರಾಗ ಯಾಕ ಬ್ಯಾರೆ ಐತಿ?”

ಆ ಪ್ರಶ್ನೆಗೆ ಆಗ ನನ್ನಲ್ಲಾಗಲಿ ಗೆಳತಿಯಲ್ಲಾಗಲಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ. ಸಸ್ಯಶಾಸ್ತ್ರದ ಪತ್ರಿಕೆಗೆ ಪ್ರಬಂಧ ಕಳಿಸುವುದೆಂದರೆ ಒಂದು ಗಿಡವನ್ನು ಭಾಷೆಯಿಂದ ಭಾಷೆಗೆ ದಾಟಿಸುವುದು. ಆ ದಾಟುವಿಕೆಯ ನಿಯಮಗಳಿಗೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸವನ್ನು ಓದಿದಾಗ ನನಗೆ ಸ್ಪಷ್ಟವಾದದ್ದೇನೆಂದರೆ, ಕರಜಗಿಯ ಕನ್ನಡ ಹೆಸರನ್ನು ಹೊರಗಿಟ್ಟದ್ದು ವಿಜ್ಞಾನದ ನಿಯಮವಲ್ಲ. ನಿಯಮವೆಂದು ನಾವು ಭಾವಿಸಿಕೊಂಡ ರೂಢಿ.

2

ಭಾರತದ ಸಸ್ಯಗಳನ್ನು ಯುರೋಪಿನ ವಿದ್ವತ್ತಿಗೆ ಪರಿಚಯಿಸಿದ ಮೊದಲ ಮಹಾಗ್ರಂಥಗಳಲ್ಲೊಂದಾದ ‘ಹೋರ್ಟಸ್ ಮಲಬಾರಿಕಸ್’ ಹನ್ನೆರಡು ಸಂಪುಟಗಳಲ್ಲಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಅದನ್ನು ರೂಪಿಸಿದವನು. ಏಳುನೂರಕ್ಕೂ ಹೆಚ್ಚು ಸಸ್ಯಗಳ ವಿವರಣೆಗೆ ಮುಖ್ಯ ಆಧಾರವಾದದ್ದು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನ ತಿಳಿವಳಿಕೆ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಅದರಲ್ಲಿ ನೆರವಾದರು. ಮಲಯಾಳದಲ್ಲಿ ಹೇಳಿದ್ದು ಪೋರ್ಚುಗೀಸಿಗೆ, ಅಲ್ಲಿಂದ ಮುಂದೆ ಡಚ್ಚಿಗೆ, ಕೊನೆಗೆ ಲ್ಯಾಟಿನ್ನಿಗೆ ದಾಟಿತು. ಗಮನಿಸಬೇಕಾದ ಸಂಗತಿಯೆಂದರೆ, ಗ್ರಂಥವು ಈ ಸರಣಿಯನ್ನು ಬಚ್ಚಿಡಲಿಲ್ಲ. ಮೊದಲ ಸಂಪುಟದಲ್ಲಿ ಅಚ್ಯುತನ್ ಮತ್ತು ಕೊಂಕಣಿ ವೈದ್ಯರ ಪ್ರಮಾಣಪತ್ರಗಳು ಅವರವರ ಲಿಪಿಗಳಲ್ಲಿಯೇ ಅಚ್ಚಾಗಿವೆ. ಚಿತ್ರಫಲಕಗಳ ಮೇಲೆ ರೋಮನ್ ಜೊತೆಗೆ ಮಲಯಾಳಂ, ಅರಬ್ಬೀ ಅಕ್ಷರಗಳಲ್ಲಿಯೂ ಹೆಸರುಗಳಿವೆ. ಕೊಂಕಣಿ ಹೆಸರುಗಳು ನಾಗರಿಯಲ್ಲಿ ಬಂದಿವೆ. ಹೇಳಿದವನ ಹೆಸರು, ಅವನ ಭಾಷೆ, ಅವನ ಬರಹ ಮೂರೂ ಶಾಸ್ತ್ರಗ್ರಂಥದ ಪುಟದಲ್ಲಿ ಉಳಿದವು.

ಅರವತ್ತು ವರ್ಷಗಳ ಬಳಿಕ ಲಿನೇಯಸ್ ಈ ಗ್ರಂಥವನ್ನು ಬಳಸಿಕೊಂಡನು. ಗ್ರೀಕ್ ಅಥವಾ ಲ್ಯಾಟಿನ್ ಮೂಲವಿಲ್ಲದ ಜಾತಿನಾಮಗಳನ್ನು ಆತ ‘ಅನಾಗರಿಕ’ವೆಂದು ತಾತ್ವಿಕವಾಗಿ ತಿರಸ್ಕರಿಸಿದ್ದನು. ಆದರೂ 1753ರ ‘ಸ್ಪೀಶೀಸ್ ಪ್ಲಾಂಟಾರಮ್’ನಲ್ಲಿ ದಕ್ಷಿಣ ಭಾರತದ ನುಡಿಗಳು ಅಲ್ಲಲ್ಲಿ ತಲೆಯೆತ್ತಿವೆ. ನಮ್ಮ ‘ಅಡಿಕೆ’ಯ ಸೋದರರೂಪ ಪೋರ್ಚುಗೀಸರ ಬಾಯಲ್ಲಿ ‘ಅರೆಕಾ’ ಆಗಿ ಅಲ್ಲಿ ನೆಲೆನಿಂತಿದೆ. ‘ಬಸಳೆ’ಯು ‘ಬಸೆಲ್ಲಾ’ ಆಗಿದೆ. ‘ಮಾಂಗಾ’ ಎಂಬುದು ‘ಮ್ಯಾಂಜಿಫೆರಾ’ದ ಮೊದಲರ್ಧವಾಗಿದೆ. ಆದನ್ಸೋನ್ ಎಂಬ ಫ್ರೆಂಚ್ ವಿದ್ವಾಂಸನ ಮೂಲಕ ‘ಪೊಂಗಂ’ ಎಂಬುದು ‘ಪೊಂಗಾಮಿಯಾ’ ಆಯಿತು. ಪದಾದಿಯ ಪಕಾರವು ಹಕಾರವಾಗುವ ಕನ್ನಡದ ಧ್ವನಿನಿಯಮವನ್ನು ಬಲ್ಲವರಿಗೆ ಇದು ನಮ್ಮ ‘ಹೊಂಗೆ’ಯೇ ಎಂದು ಬೇರೆ ಹೇಳಬೇಕಾಗಿಲ್ಲ.

ಹೀಗೆ ದೇಶೀಯ ಹೆಸರು ಲ್ಯಾಟಿನ್ ಹೆಸರಿನ ಒಡಲನ್ನು ಸೇರಿತು. ಆದರೆ ಸೇರಿದ ಮೇಲೆ ಅದರ ಭಾಷಾಮೂಲ ಮರೆಯಾಯಿತು. ಹೋರ್ಟಸ್‌ನಲ್ಲಿ ಸಾಕ್ಷಿಯ ಸ್ಥಾನದಲ್ಲಿದ್ದ ನುಡಿ ಲಿನೇಯಸ್‌ನಲ್ಲಿ ಕಚ್ಚಾ ಸಾಮಗ್ರಿಯಾಯಿತು. ಸಂಶೋಧನ ಪತ್ರಿಕೆಗಳ ಯುಗ ಆರಂಭವಾದಾಗ ಅವು ಅನುಸರಿಸಿದ್ದು ಈ ಎರಡನೆಯ ಮಾದರಿಯನ್ನೇ.

3

ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ಸಸ್ಯವೊಂದನ್ನು ವರ್ಣಿಸಲು ಇಂಥದೇ ಭಾಷೆ ಬೇಕೆಂಬ ಕಡ್ಡಾಯವಿರಲಿಲ್ಲ. ಹೆಸರು ಲ್ಯಾಟಿನ್ ರೂಪದಲ್ಲಿದ್ದರೆ ಸಾಕಿತ್ತು. ವಿವರಣೆ ಫ್ರೆಂಚ್, ಜರ್ಮನ್, ಇಂಗ್ಲಿಷ್, ಯಾವುದರಲ್ಲಿಯಾದರೂ ಇರಬಹುದಿತ್ತು. 1905ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಮಹಾಸಮ್ಮೇಳನವು 1908ರಿಂದ ಲ್ಯಾಟಿನ್ ವಿವರಣೆ ಕಡ್ಡಾಯವೆಂದು ವಿಧಿಸಿತು. ಅಮೆರಿಕದ ಒಂದು ಪಂಗಡ ಇದನ್ನು ಒಪ್ಪದೆ ತನ್ನದೇ ಸಂಹಿತೆಯನ್ನು ಅನುಸರಿಸಿತು. ಎರಡೂ ಪಕ್ಷಗಳು ರಾಜಿಯಾಗುವಷ್ಟರಲ್ಲಿ ಕಾಲ ಸರಿದು, ಕೊನೆಗೆ 1935ರ ಜನವರಿ 1 ಎಂಬ ದಿನಾಂಕ ನೆಲೆನಿಂತಿತು. ಆ ದಿನದಿಂದ 2011ರ ಡಿಸೆಂಬರ್ 31ರವರೆಗೆ, ಅಂದರೆ 77 ವರ್ಷಗಳ ಕಾಲ, ಲ್ಯಾಟಿನ್ ವಿವರಣೆಯಿಲ್ಲದೆ ಪ್ರಕಟವಾದ ಹೊಸ ಸಸ್ಯನಾಮಕ್ಕೆ ಮಾನ್ಯತೆಯಿರಲಿಲ್ಲ.

ಈ ನಿಯಮವನ್ನು ವಸಾಹತುಶಾಹಿಯ ಉಳಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೆ ಇನ್ನೊಂದು ಮುಖವಿದೆ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಲ್ಯಾಟಿನ್ ಯಾರ ಮನೆಮಾತೂ ಆಗಿರಲಿಲ್ಲ. ಲಂಡನ್ನಿನವನೂ ಟೋಕಿಯೋದವನೂ ಧಾರವಾಡದವನೂ ಅದನ್ನು ಕಲಿತೇ ಬರೆಯಬೇಕಿತ್ತು. ಯುರೋಪಿನ ಶಾಲೆಗಳಲ್ಲಿ ಲ್ಯಾಟಿನ್ ಕಲಿತವರಿಗೆ ಹಾದಿ ಸುಗಮವಾಗಿತ್ತು, ನಿಜ. ಆದರೆ ವಿವರಣೆಯ ಲ್ಯಾಟಿನ್ ಸಿಸೆರೋನ ಲ್ಯಾಟಿನ್ ಅಲ್ಲ; ಕ್ರಿಯಾಪದಗಳನ್ನು ಬಹುಮಟ್ಟಿಗೆ ಬಿಟ್ಟು, ನಾಮಪದ ವಿಶೇಷಣಗಳನ್ನು ವಿಭಕ್ತಿಯಲ್ಲಿ ಜೋಡಿಸುವ ಕಿರುಭಾಷೆ. ವಿಲಿಯಂ ಸ್ಟರ್ನ್ 1966ರಲ್ಲಿ ಪ್ರಕಟಿಸಿದ ‘ಬೊಟಾನಿಕಲ್ ಲ್ಯಾಟಿನ್’ ಎಂಬ ಕೈಪಿಡಿ ಅದಕ್ಕೆ ವ್ಯಾಕರಣವನ್ನೂ ಪದಕೋಶವನ್ನೂ ಒದಗಿಸಿತು. ಸಂಸ್ಕೃತದ ಎಂಟು ವಿಭಕ್ತಿಗಳನ್ನು ಬಾಯಿಪಾಠ ಮಾಡಿದ ನಮ್ಮವರಿಗೆ ಅದು ತೀರ ಅಪರಿಚಿತ ವ್ಯಾಯಾಮವಾಗಿರಲಾರದು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಫಾದರ್ ಸಂತಾಪೌ, ‘ಹಾಸನ ಜಿಲ್ಲೆಯ ಸಸ್ಯಸಂಪತ್ತು’ ಗ್ರಂಥವನ್ನು 1976ರಲ್ಲಿ ಡ್ಯಾನ್ ನಿಕೋಲ್ಸನ್ ಅವರೊಡನೆ ಹೊರತಂದ ಫಾದರ್ ಸಿಸಿಲ್ ಸಲ್ಡಾನ್ಹಾ ಅವರಂಥ ಜೆಸ್ವಿಟ್ ಸಸ್ಯಶಾಸ್ತ್ರಜ್ಞರಿಗಂತೂ ಲ್ಯಾಟಿನ್ ಅವರ ಧರ್ಮಪರಂಪರೆಯ ಭಾಷೆಯೂ ಆಗಿತ್ತು.

2011ರ ಜುಲೈನಲ್ಲಿ ಮೆಲ್ಬರ್ನ್ ಸಮ್ಮೇಳನವು ನಿಯಮವನ್ನು ಬದಲಿಸಿತು. 2012ರ ಜನವರಿ 1ರಿಂದ ವಿವರಣೆ ಲ್ಯಾಟಿನ್ನಿನಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬಹುದು. ಅಂತರರಾಷ್ಟ್ರೀಯ ಕ್ರಮಸಂಖ್ಯೆಯುಳ್ಳ ಪತ್ರಿಕೆ ಅಥವಾ ಪುಸ್ತಕದ ವಿದ್ಯುನ್ಮಾನ ಪ್ರತಿಗೂ ಅಚ್ಚಿನ ಪ್ರತಿಯ ಮಾನ್ಯತೆ ಇದೆ. ಕೆಲಸ ವೇಗವಾಯಿತು, ಹೊರೆ ಕಡಿಮೆಯಾಯಿತು. ಆದರೆ ಎಲ್ಲರಿಗೂ ಪರಕೀಯವಾಗಿದ್ದ ಭಾಷೆಯ ಸ್ಥಾನದಲ್ಲಿ ಕೆಲವರಿಗೆ ಮನೆಮಾತಾಗಿರುವ ಭಾಷೆ ಬಂದು ಕುಳಿತಿತು. ಅನುಕೂಲ ಮತ್ತು ಸಮಾನತೆ ಇಲ್ಲಿ ಒಂದೇ ದಿಕ್ಕಿನಲ್ಲಿ ಸಾಗಲಿಲ್ಲವೆಂಬುದನ್ನು ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನದಲ್ಲಿ ತೊಡಗಿರುವ ನಾವಾದರೂ ಗುರುತಿಸಬೇಕು.

4

ಈ ಜಾಗತಿಕ ಕಥನದಿಂದ ಈಗ ನಮ್ಮ ಸೀಮೆಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಸೋಲಾಪುರ, ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಎಲ್ಲವೂ ಮುಂಬಯಿ ಇಲಾಖೆಯಲ್ಲಿದ್ದವು; ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. ಇಲಾಖೆಯ ಸಸ್ಯಗಳ ಬಗೆಗಿನ ಮಾಹಿತಿಯನ್ನು ಸರಕಾರ 1886ರಲ್ಲಿ ಗ್ಯಾಜೆಟಿಯರ್ ಮಾಲೆಯ 25ನೆಯ ಸಂಪುಟವಾಗಿ ಪ್ರಕಟಿಸಿತು. ಅದರ ಪ್ರಮುಖ ಲೇಖಕರು ಗೋವೆಯ ವೈದ್ಯ ಜೆ.ಸಿ. ಲಿಸ್ಬೋವಾ. ಅದೇ ವರ್ಷ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆ ಆರಂಭವಾಯಿತು. ಭಾರತೀಯರು ಸಸ್ಯಶಾಸ್ತ್ರದ ಲೇಖನಗಳನ್ನು ಕಳಿಸಬಹುದಾದ ಆರಂಭದ ವೇದಿಕೆಗಳಲ್ಲಿ ಅದೂ ಒಂದು. ಲಿಸ್ಬೋವಾರ ಪತ್ನಿ ಸುಗಂಧಹುಲ್ಲುಗಳನ್ನು ಕುರಿತು ಬರೆದ ಟಿಪ್ಪಣಿಗಳು 1889ರಲ್ಲಿ ಅದರಲ್ಲಿ ಬಂದವು. ಅಲ್ಲಿ ಹೆಸರು ಪಡೆದ ಹುಲ್ಲೊಂದು ಇಂದಿಗೂ ಲಿಸ್ಬೋವಾ ಎಂಬ ಕರ್ತೃನಾಮವನ್ನು ಹೊತ್ತುಕೊಂಡಿದೆ. ಲ್ಯಾಟಿನ್ ಕಡ್ಡಾಯವಾಗುವುದಕ್ಕೆ ಮುಂಚಿನ ಮಾತಿದು.

ಥಿಯೋಡೋರ್ ಕುಕ್ ಅವರ ‘ಮುಂಬಯಿ ಇಲಾಖೆಯ ಸಸ್ಯಸಂಪತ್ತು’ 1901ರಿಂದ 1908ರವರೆಗೆ ಲಂಡನ್ನಿನಲ್ಲಿ ಅಚ್ಚಾಯಿತು. ಅರಣ್ಯಾಧಿಕಾರಿ ಟಾಲ್ಬಟ್ ಅವರ ಅರಣ್ಯಸಸ್ಯಗಳ ಗ್ರಂಥ 1909 ಮತ್ತು 1911ರಲ್ಲಿ ಎರಡು ಸಂಪುಟಗಳಲ್ಲಿ ಪುಣೆಯಲ್ಲಿ ಹೊರಬಂದಿತು. ಕೆನರಾ ಕಾಡುಗಳಲ್ಲಿ ಸೇವೆ ಸಲ್ಲಿಸಿದ್ದ ಟಾಲ್ಬಟ್ ದೇಶೀಯ ಹೆಸರುಗಳಿಗೆ ಬೆಲೆ ಕೊಟ್ಟವರು; ಅವರ ಪುಟಗಳಲ್ಲಿ ಕನ್ನಡದ ಹೆಸರೂ ಮರಾಠಿಯ ಹೆಸರೂ ಜೊತೆಯಾಗಿ ನಿಲ್ಲುತ್ತವೆ. ಇಲಾಖೆಯೇ ಬಹುಭಾಷಿಕವಾಗಿದ್ದುದರಿಂದ ಒಂದು ಗಿಡಕ್ಕೆ ಎರಡು ಮೂರು ಭಾಷೆಗಳ ಹೆಸರಿರುವುದು ಆ ಬಗೆಯ ಗ್ರಂಥಕ್ಕೆ ಸಹಜವಾಗಿತ್ತು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಕೂಡ ಗಿಡಮರಗಳ ಕನ್ನಡ ಹೆಸರುಗಳಿಗೆ ಲ್ಯಾಟಿನ್ ನಾಮಗಳನ್ನು ಕೊಟ್ಟು, ಭಾಷಾಶಾಸ್ತ್ರಜ್ಞರಿಗೂ ಸಸ್ಯಶಾಸ್ತ್ರಜ್ಞರಿಗೂ ಸಮಾನವಾದ ಆಕರವಾಯಿತು.

ಅಕ್ಕಲಕೋಟೆ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಸೋಲಾಪುರ ಜಿಲ್ಲೆಯ ಭಾಗವಾಯಿತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಿಜಾಪುರ, ಧಾರವಾಡಗಳು ಆಚೆ ಹೋದವು. ಸೋಲಾಪುರ ಇಲ್ಲಿಯೇ ಉಳಿಯಿತು. ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದ್ದೂ ಅದು ಜಾರಿಗೆ ಬಾರದಿದ್ದುದೂ ಓದುಗರಿಗೆ ತಿಳಿದ ಸಂಗತಿ. ಆ ವಿವಾದ ಈ ಬರಹದ ವಿಷಯವಲ್ಲ. ಗಡಿ ಎಲ್ಲಿಯೇ ಇರಲಿ, ಒಂದು ಕಡೆಯ ನುಡಿ ಅಲ್ಪಸಂಖ್ಯಾತವಾಗಿಯೇ ಆಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಸಸ್ಯಶಾಸ್ತ್ರದ ಮೇಲಾದ ಪರಿಣಾಮ. ಮುಂದಿನ ಸಸ್ಯಗ್ರಂಥಗಳು ರಾಜ್ಯದ ಗಡಿಗಳನ್ನೇ ತಮ್ಮ ಗಡಿಗಳನ್ನಾಗಿ ಸ್ವೀಕರಿಸಿದವು. ಸಲ್ಡಾನ್ಹಾ ಅವರ ‘ಕರ್ನಾಟಕದ ಸಸ್ಯಸಂಪತ್ತು’ 1984ರಿಂದ ಬರತೊಡಗಿತು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ‘ಮಹಾರಾಷ್ಟ್ರದ ಸಸ್ಯಸಂಪತ್ತು’ 1996ರಿಂದ ಹೊರಬಂದಿತು. ಗ್ರಂಥದ ವ್ಯಾಪ್ತಿ ಭಾಷಾವಾರು ರಾಜ್ಯವಾದಾಗ ‘ಸ್ಥಳೀಯ’ ಎಂಬ ಪದದ ಅರ್ಥವೂ ಮೆಲ್ಲಗೆ ‘ರಾಜ್ಯಭಾಷೆಯ’ ಎಂದಾಗುತ್ತದೆ. ಕುಕ್, ಟಾಲ್ಬಟ್‌ರ ಕಾಲದಲ್ಲಿ ಒಂದೇ ಪುಟದಲ್ಲಿ ಜಾಗವಿದ್ದ ಎರಡು ನುಡಿಗಳು ಎರಡು ಪುಸ್ತಕಗಳಿಗೆ ಹಂಚಿಹೋದವು. ಕರಜಗಿಯ ಕನ್ನಡಕ್ಕೆ ಎರಡರಲ್ಲಿಯೂ ಸಹಜವಾದ ಸ್ಥಾನ ಉಳಿಯಲಿಲ್ಲ: ಕರ್ನಾಟಕದ ಗ್ರಂಥಕ್ಕೆ ಆ ನೆಲ ಹೊರಗಿನದು, ಮಹಾರಾಷ್ಟ್ರದ ಗ್ರಂಥಕ್ಕೆ ಆ ನುಡಿ ಹೊರಗಿನದು. ಗೆಳತಿಯ ಪ್ರಬಂಧಕ್ಕೆ ಬಂದ ಟಿಪ್ಪಣಿಯ ಹಿಂದೆ ಇರುವುದು ಈ ಇತಿಹಾಸ.

5

ಕನ್ನಡಿಗರು ಸಸ್ಯಶಾಸ್ತ್ರದ ದೊಡ್ಡ ಪತ್ರಿಕೆಗಳಿಗೆ ಬರೆಯಲಿಲ್ಲವೆಂದಲ್ಲ. ಬಿ.ಜಿ.ಎಲ್. ಸ್ವಾಮಿಯವರ ಉದಾಹರಣೆಯೊಂದೇ ಸಾಕು. ಆರ್ಕಿಡ್ ಕುಟುಂಬದ ಭ್ರೂಣವಿಜ್ಞಾನವನ್ನು ಕುರಿತು ಅವರು ಬರೆದ ಪ್ರಬಂಧಗಳು 1949ರಲ್ಲಿ ‘ಅಮೆರಿಕನ್ ಮಿಡ್‌ಲ್ಯಾಂಡ್ ನ್ಯಾಚುರಲಿಸ್ಟ್’ನಲ್ಲಿ ಬಂದವು. ಹಾರ್ವರ್ಡಿನ ಇರ್ವಿಂಗ್ ಬೈಲಿಯವರೊಡಗೂಡಿ 1948ರಲ್ಲಿ ‘ಜರ್ನಲ್ ಆಫ್ ದಿ ಆರ್ನಲ್ಡ್ ಆರ್ಬೊರೇಟಮ್’ನಲ್ಲಿ ಪ್ರಕಟಿಸಿದ ಪ್ರಬಂಧವು ನ್ಯೂ ಕ್ಯಾಲಿಡೋನಿಯಾ ದ್ವೀಪದ ‘ಆಂಬೊರೆಲ್ಲಾ’ ಎಂಬ ಪೊದೆಯನ್ನು ಕುರಿತದ್ದು. ಹೂಬಿಡುವ ಸಸ್ಯಗಳ ಕಾಂಡದಲ್ಲಿ ಸಾಮಾನ್ಯವಾಗಿರುವ ನೀರ್ನಾಳಗಳು ಇದರಲ್ಲಿಲ್ಲವೆಂದೂ ಇದು ಹೊಸದೊಂದು ರಚನಾಮಾದರಿಯೆಂದೂ ಅವರು ತೋರಿಸಿದರು. ಅರ್ಧ ಶತಮಾನದ ಬಳಿಕ, 1999ರಲ್ಲಿ, ಆನುವಂಶಿಕ ಅಧ್ಯಯನಗಳು ಆಂಬೊರೆಲ್ಲಾ ಉಳಿದೆಲ್ಲ ಹೂಬಿಡುವ ಸಸ್ಯಗಳಿಂದ ಮೊದಲಿಗೇ ಕವಲೊಡೆದ ವಂಶದ ಪ್ರತಿನಿಧಿಯೆಂದು ಸೂಚಿಸಿದಾಗ ಆ ಹಳೆಯ ಪ್ರಬಂಧಕ್ಕೆ ಹೊಸ ಓದುಗರು ದೊರೆತರು. 1953ರಲ್ಲಿ ಸ್ವಾಮಿ ಹೊಸ ಪ್ರಭೇದಗಳಿಗೆ ಹೆಸರಿಟ್ಟಾಗ ಒಂದನ್ನು ಬೈಲಿಯವರಿಗೂ ಇನ್ನೊಂದನ್ನು ಪಂಚಾನನ ಮಾಹೇಶ್ವರಿಯವರಿಗೂ ಅರ್ಪಿಸಿದರು. ಅವು ಲ್ಯಾಟಿನ್ ವಿವರಣೆ ಕಡ್ಡಾಯವಾಗಿದ್ದ ವರ್ಷಗಳು.

ಸ್ವಾಮಿಯವರು ಪ್ರಾಧ್ಯಾಪಕರಾಗಿದ್ದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಪತ್ರಿಕೆಗಳ ಇತಿಹಾಸಕ್ಕೂ ಹಳೆಯ ನಂಟಿದೆ. ಅದೇ ಕಾಲೇಜಿನ ಫೈಸನ್ 1919ರಲ್ಲಿ ‘ಜರ್ನಲ್ ಆಫ್ ಇಂಡಿಯನ್ ಬಾಟನಿ’ಯನ್ನು ಆರಂಭಿಸಿದರು, 1920ರಲ್ಲಿ ಸ್ಥಾಪನೆಯಾದ ಭಾರತೀಯ ಸಸ್ಯಶಾಸ್ತ್ರ ಸಂಘ ಮುಂದೆ ಅದನ್ನು ವಹಿಸಿಕೊಂಡಿತು. ಅದೇ ಆಸುಪಾಸಿನಲ್ಲಿ, 1918ರಲ್ಲಿ, ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದರು. ಅದು ಎರಡು ವರ್ಷ ನಡೆದು ನಿಂತಿತು. ಇಂಗ್ಲಿಷಿನಲ್ಲಿ ಸಂಶೋಧನೆ, ಕನ್ನಡದಲ್ಲಿ ಪ್ರಸಾರ ಎಂಬ ವಿಭಜನೆ ಆ ದಶಕದಲ್ಲಿಯೇ ಗಟ್ಟಿಯಾಯಿತೆಂದು ತೋರುತ್ತದೆ.

ಸ್ವಾಮಿಯವರ ಬರವಣಿಗೆಯಲ್ಲಿ ಈ ವಿಭಜನೆ ನಿಚ್ಚಳವಾಗಿದೆ. 1976ರಲ್ಲಿ ಪ್ರಕಟವಾಗಿ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ಸಸ್ಯಯಾತ್ರೆಗಳ ಕಥನ. ಗಿಡದ ಹೆಸರಿನ ಹುಟ್ಟು, ಅದರ ಸುತ್ತಲಿನ ಕಾವ್ಯ, ಹಳ್ಳಿಗನ ಮಾತು, ವಿದ್ಯಾರ್ಥಿಯ ಚೇಷ್ಟೆ ಎಲ್ಲವೂ ಅಲ್ಲಿವೆ. ಅವರೇ ಬರೆದ ಚಿತ್ರಗಳೂ ಇವೆ. ಪತ್ರಿಕೆಗಳ ಪ್ರಬಂಧಗಳಲ್ಲಿ ಈ ಯಾವುದಕ್ಕೂ ಪ್ರವೇಶವಿಲ್ಲ. ಒಬ್ಬನೇ ವಿದ್ವಾಂಸ, ಒಂದೇ ಜ್ಞಾನ, ಎರಡು ಮೇಜು. ಸ್ವಾಮಿಯವರಂಥ ಸವ್ಯಸಾಚಿಗೆ ಎರಡೂ ಮೇಜುಗಳಲ್ಲಿ ಕುಳಿತುಕೊಳ್ಳುವುದು ಸಾಧ್ಯವಾಯಿತು. ಆದರೆ ಕನ್ನಡದಲ್ಲಿ ಬರೆದದ್ದು ಸಾಹಿತ್ಯವೆಂದೂ ಇಂಗ್ಲಿಷಿನಲ್ಲಿ ಬರೆದದ್ದು ವಿಜ್ಞಾನವೆಂದೂ ನಾವು ಒಪ್ಪಿಕೊಂಡದ್ದರಿಂದ, ‘ಹಸುರು ಹೊನ್ನು’ವಿನಂಥ ಕೃತಿಯಲ್ಲಿರುವ ಮಾಹಿತಿಯನ್ನು ಸಸ್ಯಶಾಸ್ತ್ರದ ಪ್ರಬಂಧವೊಂದರಲ್ಲಿ ಆಕರವಾಗಿ ಉಲ್ಲೇಖಿಸುವ ಅಭ್ಯಾಸ ಬೆಳೆಯಲಿಲ್ಲ.

ಇದು ಅನಿವಾರ್ಯವಾಗಿತ್ತೇ? ಜಪಾನಿನ ನಿದರ್ಶನ ಹಾಗೆ ಹೇಳುವುದಿಲ್ಲ. ಟೋಕಿಯೋದ ಸಸ್ಯಶಾಸ್ತ್ರ ಪತ್ರಿಕೆ 1887ರಲ್ಲಿ ಹುಟ್ಟಿತು. ಎರಡೇ ವರ್ಷಗಳಲ್ಲಿ ಓಕುಬೋ ಮತ್ತು ಮಾಕಿನೋ ಅದರಲ್ಲಿ ಹೊಸ ಸಸ್ಯವೊಂದಕ್ಕೆ ಶಾಸ್ತ್ರೀಯ ಹೆಸರಿಟ್ಟರು. ತಮ್ಮ ನೆಲದ ಗಿಡಕ್ಕೆ ಹೆಸರು ಬೇಡಿ ಯುರೋಪಿಗೆ ಮಾದರಿ ಕಳಿಸುತ್ತಿದ್ದವರು ತಮ್ಮದೇ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಜಪಾನಿ ಭಾಷೆಯ ಬರಹವೂ ಲ್ಯಾಟಿನ್ ಹೆಸರೂ ಆ ಪತ್ರಿಕೆಯಲ್ಲಿ ಜೊತೆಯಾಗಿ ಬದುಕಿದವು.

6

ಸೋಲಾಪುರದ ನೆಲವೇ ಇದಕ್ಕೆ ಎರಡು ಪಾಠಗಳನ್ನು ಒದಗಿಸುತ್ತದೆ. ಮೊದಲನೆಯದು ಜೋಳದ್ದು. ಈ ಜಿಲ್ಲೆಯ ಮೋಹೋಳದ ಸಂಶೋಧನ ಕೇಂದ್ರದಲ್ಲಿ 1930ರ ದಶಕದಲ್ಲಿ ಸ್ಥಳೀಯ ತಳಿಯೊಂದರಿಂದ ಆಯ್ದು ಬೆಳೆಸಿದ ಹಿಂಗಾರಿ ಜೋಳವೇ ಎಂ 35-1. ಇಲ್ಲಿನ ‘ಎಂ’ ಎಂಬುದು ‘ಮಾಲದಂಡಿ’ ಎಂಬ ರೈತರ ಹೆಸರಿನ ಮೊದಲಕ್ಷರ. ಭೀಮೆಯ ಎರಡೂ ದಂಡೆಗಳ ಒಕ್ಕಲಿಗರು ಇಂದಿಗೂ ಮಾಲದಂಡಿಯನ್ನು ಬಿತ್ತುತ್ತಾರೆ. ಬೆಳೆವಿಜ್ಞಾನದ ಪ್ರಬಂಧಗಳೂ ಅದೇ ಹೆಸರನ್ನು ಬಳಸುತ್ತವೆ. ಕೃಷಿತಳಿಗಳ ಹೆಸರಿಗೆ ಪ್ರತ್ಯೇಕವಾದ ಅಂತರರಾಷ್ಟ್ರೀಯ ಸಂಹಿತೆಯಿದೆ. 1959ರ ಜನವರಿ 1ರಿಂದ ಹೊಸ ತಳಿಗೆ ಲ್ಯಾಟಿನ್ ರೂಪದ ಹೆಸರಿಡಕೂಡದೆಂದು ಅದು ಹೇಳುತ್ತದೆ. ಅಂದರೆ ಕಾಡಿನ ಗಿಡಕ್ಕೆ ಲ್ಯಾಟಿನ್ ಕಡ್ಡಾಯವಾಗಿದ್ದ ಕಾಲದಲ್ಲಿಯೇ ಹೊಲದ ತಳಿಗೆ ಲ್ಯಾಟಿನ್ ನಿಷಿದ್ಧವಾಗಿತ್ತು. ಜನರ ನುಡಿಯ ಹೆಸರು ಶಾಸ್ತ್ರದ ನಿಖರತೆಗೆ ಅಡ್ಡಿಯೆಂಬ ವಾದ ಎಲ್ಲ ಕಡೆಗೂ ಸಲ್ಲುವುದಿಲ್ಲವೆಂಬುದಕ್ಕೆ ನಮ್ಮ ರೊಟ್ಟಿಯ ಜೋಳವೇ ಸಾಕ್ಷಿ.

ಎರಡನೆಯ ಪಾಠ ಇತ್ತೀಚಿನದು. ಸೋಲಾಪುರದ ವಾಲಚಂದ ಕಾಲೇಜಿನ ಸಸ್ಯಶಾಸ್ತ್ರಜ್ಞರಾದ ಗಾಯಕವಾಡ, ಗರಡ ಮತ್ತು ಗೋರೆ ಅವರು ಗೆಡ್ಡೆಯಿಂದ ಚಿಗುರಿ ಲಿಲ್ಲಿಯಂಥ ಹೂ ಬಿಡುವ ಪ್ರಭೇದವೊಂದನ್ನು 2014ರಲ್ಲಿ ಲಂಡನ್ನಿನ ‘ಕ್ಯೂ ಬುಲೆಟಿನ್’ನಲ್ಲಿ ವರ್ಣಿಸಿದರು. ಅದರ ಹೆಸರು ‘ಕ್ರೈನಮ್ ಸೋಲಾಪುರೆನ್ಸೆ’. ಮರುವರ್ಷ ಇದೇ ಮೂವರು ಸೋಲಾಪುರ ಜಿಲ್ಲೆಯ ಸಸ್ಯಸಂಪತ್ತಿನ ಸಂಕ್ಷಿಪ್ತ ವಿವರಣೆಯನ್ನು, ಯಾರಾದರೂ ಉಚಿತವಾಗಿ ಓದಬಹುದಾದ ‘ಬಯೋಡೈವರ್ಸಿಟಿ ಡೇಟಾ ಜರ್ನಲ್’ನಲ್ಲಿ ಪ್ರಕಟಿಸಿದರು. ಬರಗಾಲದ ಜಿಲ್ಲೆಯೆಂದು ಹೆಸರಾದ ನೆಲದಿಂದ, ಜಿಲ್ಲಾಕೇಂದ್ರದ ಕಾಲೇಜಿನಿಂದ, ಇಂಥ ಕೆಲಸ ನಡೆದದ್ದು ಗೌರವಾರ್ಹ. ಊರಿನ ಹೆಸರಿಗೆ ಲ್ಯಾಟಿನ್ ಪ್ರತ್ಯಯ ಹತ್ತಿ ಅದು ಶಾಸ್ತ್ರದಲ್ಲಿ ಶಾಶ್ವತವಾಯಿತು. ಸ್ಥಳನಾಮಕ್ಕೆ ದೊರೆಯುವ ಈ ಮನ್ನಣೆ ಜನರಿಟ್ಟ ಸಸ್ಯನಾಮಕ್ಕೂ ಏಕೆ ದೊರೆಯಬಾರದು?

ಇಲ್ಲಿ ಪರಿಶೀಲಕರ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ದೇಶೀಯ ಹೆಸರು ಅಸ್ಥಿರ. ಒಂದೇ ಹೆಸರು ಹಲವು ಗಿಡಗಳಿಗೆ, ಒಂದೇ ಗಿಡಕ್ಕೆ ಹಲವು ಹೆಸರು. ಗೆಳತಿಯ ಕೋಷ್ಟಕದ ಬನ್ನಿಯೇ ಇದಕ್ಕೆ ಉದಾಹರಣೆ. ಗ್ರಂಥಗಳಲ್ಲಿ ಬನ್ನಿ ಎಂದರೆ ‘ಪ್ರೊಸೋಪಿಸ್ ಸಿನೆರಾರಿಯಾ’. ‘ಅಕೇಶಿಯಾ ಫೆರುಜಿನಿಯಾ’ ಎಂಬ ಮರಕ್ಕೂ ಅದೇ ಹೆಸರುಂಟು. ವಿಜಯದಶಮಿಯಂದು ಉತ್ತರ ಕರ್ನಾಟಕದಲ್ಲಿ ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣವೆಂದು ಹಾರೈಸುತ್ತಾರೆ. ಮಹಾರಾಷ್ಟ್ರದಲ್ಲಿ ಅದೇ ದಿನ ಚಿನ್ನವೆಂದು ಹಂಚುವುದು ‘ಆಪಟಾ’ ಎಲೆ, ಅಂದರೆ ‘ಬೌಹಿನಿಯಾ ರೆಸಿಮೋಸಾ’. ಎರಡು ಸಂಪ್ರದಾಯಗಳು ಕೂಡುವ ಗಡಿಯಲ್ಲಿ ‘ಬನ್ನಿ’ ಎಂಬ ಮಾತು ಯಾವ ಎಲೆಯನ್ನು ಸೂಚಿಸುತ್ತದೆಂಬುದು ಕೇಳಿ ತಿಳಿಯಬೇಕಾದ ವಿಷಯ. ಇದು ಹೆಸರಿನ ದೋಷವಲ್ಲ, ಸಂಶೋಧನೆಯ ಪ್ರಶ್ನೆ. ‘ಬನ್ನಿ’ಯನ್ನು ಅಳಿಸಿ ‘ಶಮಿ’ ಎಂದು ಬರೆದಾಗ ಅಸ್ಪಷ್ಟತೆ ನಿವಾರಣೆಯಾಗಲಿಲ್ಲ. ಅಸ್ಪಷ್ಟತೆಯೊಂದು ಇತ್ತೆಂಬ ಕುರುಹೇ ಅಳಿಯಿತು. ಅನುವಾದವನ್ನು ಮೂಲವೆಂದು ದಾಖಲಿಸುವುದು ನನ್ನ ಶಾಸ್ತ್ರದಲ್ಲಿ ಪಾಠದೋಷ. ಸಸ್ಯಶಾಸ್ತ್ರದಲ್ಲಿ ಅದು ಸಂಗ್ರಹದ ವಿವರವನ್ನು ತಪ್ಪಾಗಿ ಕೊಟ್ಟಂತೆ.

7

ಹಾಗಾದರೆ ಇಂದಿನ ಸಂಹಿತೆ ನಿಜವಾಗಿ ಏನನ್ನು ಕೇಳುತ್ತದೆ? ಹೊಸ ಪ್ರಭೇದದ ಹೆಸರು ರೋಮನ್ ಅಕ್ಷರಗಳಲ್ಲಿ, ಲ್ಯಾಟಿನ್ ರೂಪದಲ್ಲಿ ಇರಬೇಕು. ವಿವರಣೆ ಅಥವಾ ವ್ಯತ್ಯಾಸಸೂಚನೆ ಲ್ಯಾಟಿನ್ ಇಲ್ಲವೇ ಇಂಗ್ಲಿಷಿನಲ್ಲಿರಬೇಕು. ಹೆಸರಿಗೆ ಆಧಾರವಾದ ಮಾದರಿಯನ್ನು ನಿರ್ದೇಶಿಸಬೇಕು. ಈ ನಿಯಮ 1958ರಿಂದ ಇದೆ. ಆ ಮಾದರಿ ಯಾವ ಸಸ್ಯಾಗಾರದಲ್ಲಿದೆಯೆಂದು ಹೇಳಬೇಕು. ಇದು 1990ರಿಂದ ಬಂದದ್ದು. ಪ್ರಕಟಣೆ ಗ್ರಂಥಾಲಯಗಳಿಗೆ ತಲುಪಬೇಕು ಅಥವಾ ವಿದ್ಯುನ್ಮಾನ ಪ್ರಕಟಣೆಯ ಷರತ್ತುಗಳನ್ನು ಪೂರೈಸಬೇಕು. ಪ್ರಬಂಧದ ಉಳಿದ ಭಾಗ ಯಾವ ಭಾಷೆಯಲ್ಲಿರಬೇಕೆಂದು ಸಂಹಿತೆ ಹೇಳುವುದಿಲ್ಲ. ಪ್ರಭೇದನಾಮವನ್ನು ಯಾವ ಮೂಲದಿಂದಲಾದರೂ ತೆಗೆದುಕೊಳ್ಳಬಹುದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಇನ್ನು ಸ್ಥಳೀಯ ಹೆಸರಿನ ಅಂಕಣ ಯಾವ ಭಾಷೆಯದಾಗಿರಬೇಕೆಂಬುದು ಸಂಹಿತೆಯ ವ್ಯಾಪ್ತಿಗೇ ಬರುವುದಿಲ್ಲ. ನಾಲ್ಕು ಸಾಲಿನ ಇಂಗ್ಲಿಷ್ ವಿವರಣೆಯೊಡನೆ ಉಳಿದೆಲ್ಲವನ್ನೂ ಕನ್ನಡದಲ್ಲಿ ಬರೆದ ಪ್ರಬಂಧದಿಂದಲೂ ಸಸ್ಯವೊಂದರ ಹೆಸರು ಜಗತ್ತಿಗೆ ಮಾನ್ಯವಾಗಬಲ್ಲದು.

ಆದರೆ ನೌಕರಿಯ, ಬಡ್ತಿಯ, ಪದವಿಯ ಲೆಕ್ಕ ಬೇರೆ. ಅದು ಪತ್ರಿಕೆಯ ಶ್ರೇಣಿಯನ್ನು ನೋಡುತ್ತದೆ, ಶ್ರೇಣಿ ಇಂಗ್ಲಿಷಿನ ಕಡೆಗೆ ವಾಲುತ್ತದೆ. ಕರಜಗಿಯ ತರುಣಿಯೊಬ್ಬಳಿಗೆ ಕನ್ನಡದಲ್ಲಿಯೇ ಸಂಶೋಧನೆ ಪ್ರಕಟಿಸೆಂದು ಉಪದೇಶಿಸುವ ಹಕ್ಕು, ಅದರ ಬೆಲೆ ತೆರಬೇಕಾಗಿಲ್ಲದ ನನಗಿಲ್ಲ. ಆದ್ದರಿಂದ ನನ್ನ ಸಲಹೆಗಳು ಮಿತವಾದವು. ಮೊದಲನೆಯದಾಗಿ, ಇಂಗ್ಲಿಷ್ ಪ್ರಬಂಧದಲ್ಲಿಯೇ ‘ಸ್ಥಳೀಯ ಹೆಸರು’ ಎಂಬ ಶೀರ್ಷಿಕೆಯ ಬದಲು ಭಾಷೆ, ಊರು, ಹೇಳಿದವರ ಒಪ್ಪಿಗೆಯಿದ್ದರೆ ಅವರ ಹೆಸರು, ಇಷ್ಟನ್ನೂ ದಾಖಲಿಸಬೇಕು. ಮರಾಠಿ ಹೆಸರೂ ಬಳಕೆಯಲ್ಲಿದ್ದರೆ ಅದೂ ಪಕ್ಕದಲ್ಲಿರಲಿ. ಕರಜಗಿಯಲ್ಲಿ ಅನೇಕರು ಎರಡನ್ನೂ ಬಲ್ಲರು, ಆ ದ್ವಿಭಾಷಿಕತೆಯೂ ದಾಖಲೆಗೆ ಅರ್ಹ. ಎರಡನೆಯದಾಗಿ, ಸಸ್ಯಾಗಾರಕ್ಕೆ ಸಲ್ಲಿಸುವ ಒಣಮಾದರಿಯ ಚೀಟಿಯಲ್ಲಿ ಕನ್ನಡ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬೇಕು. ಪ್ರಬಂಧವನ್ನು ಪರಿಶೀಲಕರು ತಿದ್ದಿಸಬಹುದು, ಚೀಟಿ ಸಂಗ್ರಾಹಕರ ಕೈಯಲ್ಲಿದೆ. ಅದು ಲೇಖನಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಮೂರನೆಯದಾಗಿ, ನಮ್ಮಂಥ ಕನ್ನಡ ಸಂಶೋಧನ ಪತ್ರಿಕೆಗಳು ಗಡಿಯ ಊರುಗಳ ಸಸ್ಯನಾಮಗಳ ಪಟ್ಟಿಗಳನ್ನು, ಮಾದರಿಯ ಸಂಖ್ಯೆಯೊಡನೆ, ಕ್ರಮವಾಗಿ ಪ್ರಕಟಿಸಬೇಕು. ಆಗ ಮುಂದಿನ ಪ್ರಬಂಧಕಾರ್ತಿ ಪರಿಶೀಲಕರಿಗೆ ಉತ್ತರಿಸುವಾಗ ಉಲ್ಲೇಖಿಸಲು ಅಚ್ಚಾದ ಆಧಾರವೊಂದಿರುತ್ತದೆ. ಇಂದು ನಮ್ಮ ದೊಡ್ಡ ಕೊರತೆ ಇದೇ.

ಕೇರಳದ ಸಸ್ಯವಿಜ್ಞಾನಿಗಳು 1991ರಲ್ಲಿ ಮುಂದಾಳತ್ವ ವಹಿಸಿ ಆರಂಭಿಸಿದ ವರ್ಗೀಕರಣದ ಪತ್ರಿಕೆಗೆ ‘ರೀಡಿಯಾ’ ಎಂದು ವಾನ್ ರೀಡ್‌ನ ಹೆಸರಿದೆ. ಹೋರ್ಟಸ್ ಮಲಬಾರಿಕಸ್ ಮಣಿಲಾಲ್ ಅವರ ದೀರ್ಘ ಪರಿಶ್ರಮದಿಂದ 2003ರಲ್ಲಿ ಇಂಗ್ಲಿಷಿಗೂ 2008ರಲ್ಲಿ ಮಲಯಾಳಕ್ಕೂ ಬಂದಿತು. ಅಚ್ಯುತನ್ ಹೇಳಿದ ಮಾತು ಅವನ ಭಾಷೆಗೆ ಮರಳಲು ಮುನ್ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. ಅದು ಮರಳಲು ಸಾಧ್ಯವಾದದ್ದು, ಹೇಳಿದವನಾರು, ಯಾವ ನುಡಿಯಲ್ಲಿ ಹೇಳಿದ ಎಂಬುದನ್ನು ಮೊದಲ ಸಂಪುಟವೇ ದಾಖಲಿಸಿದ್ದರಿಂದ.

ಗೆಳತಿ ಈಗ ಎರಡನೆಯ ಪ್ರಬಂಧ ಸಿದ್ಧಪಡಿಸುತ್ತಿದ್ದಾರೆ. ಈ ಸಲದ ಕೋಷ್ಟಕದಲ್ಲಿ ಐದು ಅಂಕಣಗಳಿವೆ: ಕನ್ನಡಕ್ಕೊಂದು, ಮರಾಠಿಗೊಂದು. ಮಾದರಿಯ ಚೀಟಿಯ ಮೇಲೆ ಬನ್ನಿ ಎಂದು ಕನ್ನಡದಲ್ಲಿಯೇ ಬರೆದಿದ್ದಾರೆ. ಕೆಳಗೆ, ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರನ್ನೂ ಊರನ್ನೂ ಸೇರಿಸಿದ್ದಾರೆ. ಪ್ರಬಂಧ ಇನ್ನೂ ಪರಿಶೀಲಕರ ಬಳಿಗೆ ಹೋಗಿಲ್ಲ.